ಆಟ ಮುಗಿದ ಮೇಲೆ ಏನಾಗುತ್ತೆ ಅಂತ ನಾನು ಕೇಳಿರಲಿಲ್ಲ



ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಕಳೆದ ವಾರ ನನ್ನ ಎಂಎ ಸಂಶೋಧನಾ ಪ್ರಾಜೆಕ್ಟಿನ ವೈವಾ ಮುಗೀತು. ದೂರಶಿಕ್ಷಣದಲ್ಲಿ ಮನಃಶಾಸ್ತ್ರ. ರಿಸಲ್ಟ್ ಇನ್ನೂ ಬಂದಿಲ್ಲ, ಹಾಗಾಗಿ ಇವತ್ತಿಗೂ ನಾನು ಬಿಎನೇ. "ಈ ವಯಸ್ಸಲ್ಲಿ, ಪ್ರಮೋಷನ್ನಿಗೂ ಲೆಕ್ಕಕ್ಕೆ ಬರದ ಡಿಗ್ರಿ ಯಾಕಮ್ಮ?" ಅಂತ ಆಫೀಸಿನಲ್ಲಿ ಕೇಳಿದವರಿಗೆಲ್ಲ ನಕ್ಕು ಸುಮ್ಮನಾಗಿದ್ದೆ. ಉತ್ತರ ನಿಮ್ಮ ಹತ್ತಿರ ಹೇಳ್ತೀನಿ.

ನಾನು ತಗೊಂಡ ವಿಷಯ ಕ್ರೀಡಾ ಮನಃಶಾಸ್ತ್ರ. ಹಾಸ್ಟೆಲ್‌ನಲ್ಲಿದ್ದು ಪಿಯು ಓದುವ ಆಟಗಾರ್ತಿಯರಲ್ಲಿ ಸ್ಪರ್ಧೆಯ ಆತಂಕ ಹೇಗಿರುತ್ತೆ, ಜಾತಿಗೂ ಅದಕ್ಕೂ ಸಂಬಂಧ ಇದೆಯಾ ಅನ್ನೋದು ಪ್ರಶ್ನೆ. ಇಷ್ಟು ವರ್ಷ ಧರಣಿ, ಮನವಿಪತ್ರ, ಪೊಲೀಸ್ ಸ್ಟೇಷನ್ನು ಅಂತ ಓಡಾಡಿದವಳಿಗೆ ಆಟದ ಉಸಾಬರಿ ಯಾಕೆ ಅಂತ ನಮ್ಮ ಸಂಘಟನೆಯವರೂ ಕೇಳಿದ್ರು. ಅದಕ್ಕೆ ಕಾರಣ 1995ರ ಒಂದು ಮಧ್ಯಾಹ್ನ.

ಆಗ ನಾನು ಹತ್ತನೇ ಕ್ಲಾಸು. ತಾಲ್ಲೂಕು ಮಟ್ಟದ ಕ್ರೀಡಾಕೂಟ, 200 ಮೀಟರ್ ಓಟ. ಬೆಳಿಗ್ಗೆ ಹೀಟ್ಸ್‌ನಲ್ಲಿ ಬರಿಗಾಲಲ್ಲಿ ಓಡಿ ಮೊದಲು ಬಂದಿದ್ದೆ. ಮಧ್ಯಾಹ್ನ ಫೈನಲ್. ಸುಣ್ಣದ ಗೆರೆ ಮೇಲೆ ನಿಂತಿದ್ದೀವಿ, ಸೀಟಿ ಊದೋದೊಂದೇ ಬಾಕಿ. ಆಗ ಮೇಷ್ಟ್ರೊಬ್ಬರು ಪಟ್ಟಿ ಹಿಡ್ಕೊಂಡು ಬಂದು ಮೈದಾನಕ್ಕೆಲ್ಲ ಕೇಳೋ ಹಾಗೆ ಕೂಗಿದ್ರು: "ಎಸ್ಸಿ ಹುಡುಗೀರು ಯಾರ್ಯಾರಮ್ಮ, ಕೈ ಎತ್ತಿ. ಭತ್ಯೆ ಲಿಸ್ಟಿಗೆ ಸೈನ್ ಹಾಕ್ಬೇಕು."

ಎತ್ತಿದ್ದು ನಾನೊಬ್ಬಳೇ. ಪಕ್ಕದ ಲೇನಿನ ಹುಡುಗಿ, ಐದು ನಿಮಿಷದ ಹಿಂದೆ ನನ್ನ ಜಡೆ ಬಿಗಿ ಮಾಡಿಕೊಟ್ಟವಳು, "ಓ, ನೀನಾ" ಅಂದಳು. ಬೈಗುಳ ಅಲ್ಲ. ಅಷ್ಟೇ ಮಾತು. ಸೀಟಿ ಊದಿದರು. ನಾನು ಐದನೇ ಜಾಗದಲ್ಲಿ ಬಂದೆ. ಆಮೇಲೆ ಓಡಲಿಲ್ಲ.

ಮೂವತ್ತು ವರ್ಷ ನಾನು ಇದನ್ನ ನನ್ನ ಕಾಲಿನ ತಪ್ಪು ಅಂತಲೇ ಅಂದ್ಕೊಂಡಿದ್ದೆ. ಮಧ್ಯಾಹ್ನದ ಬಿಸಿಲು, ಹೊಟ್ಟೆಗೆ ಸರಿಯಾಗಿ ತಿಂದಿರಲಿಲ್ಲ, ಇತ್ಯಾದಿ.

ಎಂಎ ಎರಡನೇ ವರ್ಷದಲ್ಲಿ ಓದ್ತಾ ಓದ್ತಾ ಒಂದು ಅಧ್ಯಯನ ಸಿಕ್ತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಉತ್ತರ ಪ್ರದೇಶದ ಹಳ್ಳಿಯಲ್ಲಿ ಆರು, ಏಳನೇ ತರಗತಿ ಹುಡುಗರ ಜೊತೆ ಮಾಡಿದ್ದು, 2004ರಲ್ಲಿ ಹೊರಬಂತು. ಮಕ್ಕಳಿಗೆ ಕಾಗದದ ಮೇಲಿನ ಚಕ್ರವ್ಯೂಹದ ಒಗಟು ಬಿಡಿಸೋಕೆ ಕೊಟ್ಟರು, ಬಿಡಿಸಿದ್ದಕ್ಕೆ ದುಡ್ಡು. ಜಾತಿ ಹೇಳದೇ ಇದ್ದಾಗ ಮೇಲ್ಜಾತಿ ಹುಡುಗರೂ ದಲಿತ ಹುಡುಗರೂ ಹೆಚ್ಚುಕಮ್ಮಿ ಸಮಸಮ. ಎಲ್ಲರೆದುರು ಪ್ರತಿಯೊಬ್ಬನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಓದಿ ಹೇಳಿದ ಮೇಲೆ ದಲಿತ ಹುಡುಗರು ಬಿಡಿಸಿದ ಒಗಟು ಕಡಿಮೆ ಆಯ್ತು. ತಲೆ ಅದೇ, ಪೆನ್ಸಿಲ್ ಅದೇ. ಬದಲಾಗಿದ್ದು ಕೂಗಿ ಹೇಳಿದ್ದು ಮಾತ್ರ.

ಅದನ್ನ ಓದಿದ್ದು ಬಸ್ಸಿನಲ್ಲಿ. ನನ್ನ ಸ್ಟಾಪ್ ಬಂದಿದ್ದೇ ಗೊತ್ತಾಗಲಿಲ್ಲ.

ಇದಕ್ಕೂ ಮುಂಚೆ 1995ರಲ್ಲೇ, ನಾನು ಐದನೆಯವಳಾಗಿ ಬಂದ ವರ್ಷವೇ, ಅಮೆರಿಕದಲ್ಲಿ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ ಕಪ್ಪು ವಿದ್ಯಾರ್ಥಿಗಳ ಮೇಲೆ ಇಂಥದ್ದೇ ಕೆಲಸ ಪ್ರಕಟಿಸಿದ್ದರು. 1999ರಲ್ಲಿ ಜೆಫ್ ಸ್ಟೋನ್ ಮತ್ತು ಜೊತೆಗಾರರು ಅದನ್ನ ಆಟಕ್ಕೆ ತಂದರು. ಗಾಲ್ಫ್ ಚೆಂಡು ಹೊಡೆಯೋ ಒಂದೇ ಕೆಲಸ. "ಇದು ಆಟದ ಬುದ್ಧಿವಂತಿಕೆಯ ಪರೀಕ್ಷೆ" ಅಂದಾಗ ಕಪ್ಪು ಆಟಗಾರರು ಹಿಂದೆ ಬಿದ್ದರು, "ಇದು ಹುಟ್ಟಿನಿಂದ ಬಂದ ಮೈಕಸುವಿನ ಪರೀಕ್ಷೆ" ಅಂದಾಗ ಬಿಳಿಯರು ಹಿಂದೆ ಬಿದ್ದರು. ಇದನ್ನೂ ಹೇಳಬೇಕು: ಇಂಥ ಪ್ರಯೋಗಗಳನ್ನ ಆಮೇಲೆ ದೊಡ್ಡ ಪ್ರಮಾಣದಲ್ಲಿ ಮತ್ತೆ ಮಾಡಿದಾಗ ಕೆಲವು ಕಡೆ ಪರಿಣಾಮ ತೀರಾ ಸಣ್ಣದಾಗಿ ಕಂಡಿದೆ, ಕೆಲವು ಕಡೆ ಕಂಡೇ ಇಲ್ಲ. ಚರ್ಚೆ ಮುಗಿದಿಲ್ಲ. ನಮಗೆ ಅನುಕೂಲ ಅಂತ ಅರ್ಧ ಹೇಳೋದು ಸರಿಯಲ್ಲ.

ಆದರೆ ಆವತ್ತು ಇಷ್ಟೆಲ್ಲ ವಿವೇಕ ನನಗಿರಲಿಲ್ಲ. ನಾನು ಒಂದು ಪ್ಲಾನ್ ಮಾಡಿದೆ. ಹಾಸ್ಟೆಲ್ ಹುಡುಗಿಯರನ್ನ ಓಡಿಸೋದು, ಟೈಮ್ ತಗೊಳ್ಳೋದು. ಮಾರನೇ ದಿನ ಅವರ ಜಾತಿ ಓದಿ ಹೇಳಿ ಮತ್ತೆ ಓಡಿಸೋದು. ನನ್ನ ಗೈಡ್ ಎರಡು ಪುಟ ಓದಿ ಫೈಲ್ ಮುಚ್ಚಿಬಿಟ್ಟರು. "ಇದು ಆಗಲ್ಲ. ಆ ಮಕ್ಕಳಿಗೆ ಇದರಿಂದ ಏನಾಗುತ್ತೆ ಅಂತ ಬರೆದೇ ಇಲ್ಲ ನೀವು."

ನಂಗೆ ಕೋಪ ಬಂತು. ಇವರೂ ಎಲ್ಲರ ಹಾಗೆ, ಜಾತಿ ಅಂದ ಕೂಡಲೇ ಫೈಲ್ ಮುಚ್ತಾರೆ ಅಂತ ಬೈಕೊಂಡೇ ಮನೆಗೆ ಬಂದೆ. ರಾತ್ರಿ ಪಾತ್ರೆ ತೊಳೀತಿದ್ದಾಗ ಗೊತ್ತಾಯ್ತು. ಆ ಮೇಷ್ಟ್ರು ಪಟ್ಟಿ ಹಿಡ್ಕೊಂಡು ಬಂದ ಹಾಗೇ ನಾನೂ ಪಟ್ಟಿ ಹಿಡ್ಕೊಂಡು ಹೊರಟಿದ್ದೆ. ಅವರದ್ದು ಭತ್ಯೆಯ ಪಟ್ಟಿ, ನನ್ನದು ಸಂಶೋಧನೆಯ ಪಟ್ಟಿ. ಓಡೋ ಹುಡುಗಿಗೆ ಎರಡೂ ಒಂದೇ.

ಪ್ಲಾನ್ ಬದಲಾಯ್ತು. 30 ಜನ ಹುಡುಗಿಯರು, ಕಬಡ್ಡಿ ಮತ್ತು ಓಟದವರು, 16–17 ವಯಸ್ಸು. ಮಾರ್ಟೆನ್ಸ್ ಅನ್ನೋರು 1977ರಲ್ಲಿ ಮಾಡಿದ ಸ್ಪರ್ಧಾ ಆತಂಕದ ಪ್ರಶ್ನಾವಳಿ ತಗೊಂಡೆ. 15 ಹೇಳಿಕೆ ಇರುತ್ತೆ, ಅದರಲ್ಲಿ 5ಕ್ಕೆ ಅಂಕ ಇಲ್ಲ, ಸುಮ್ಮನೆ ಮಧ್ಯೆ ಸೇರಿಸಿದ್ದು. ಉಳಿದ 10ಕ್ಕೆ 'ಅಪರೂಪಕ್ಕೆ', 'ಕೆಲವು ಸಲ', 'ಬಹಳ ಸಲ' ಅಂತ 1ರಿಂದ 3 ಅಂಕ. ಒಟ್ಟು 10ರಿಂದ 30ರ ಒಳಗೆ ಬರಬೇಕು. ಅದರ ಜೊತೆಗೆ ಒಬ್ಬೊಬ್ಬರ ಹತ್ತಿರ ಮಾತುಕತೆ. ಮನೆಯವರ ಒಪ್ಪಿಗೆಪತ್ರಕ್ಕೆ ನಾಲ್ಕು ಭಾನುವಾರ ಊರೂರು ತಿರುಗಿದೆ. ಹೆಬ್ಬೆಟ್ಟು ಒತ್ತಿದ ಒಬ್ಬ ಅಜ್ಜಿ "ಇದ್ರಿಂದ ನಮ್ಮುಡುಗಿಗೆ ಕೆಲ್ಸ ಸಿಕ್ತದಾ?" ಅಂದಳು. ಇಲ್ಲ ಅಜ್ಜಿ ಅಂದೆ. "ಮತ್ತೆ ನಿಂಗೆ?" ಅಂದಳು. ನಂಗೂ ಇಲ್ಲ ಅಂದೆ. ನಕ್ಕು ಒತ್ತಿದಳು.

ಪ್ರಶ್ನಾವಳಿ ಕನ್ನಡಕ್ಕೆ ತರೋದೇ ಒಂದು ಪಾಠ. 'ಆತಂಕ' ಅಂತ ಬರೆದರೆ ಹುಡುಗೀರು ಪಿಳಿಪಿಳಿ ನೋಡೋರು. "ಎದೆ ಡವಡವ ಅನ್ನುತ್ತೆ", "ಹೊಟ್ಟೇಲಿ ಹಿಂಡಿದಂಗೆ ಆಗುತ್ತೆ" ಅಂದ ಮೇಲೆ ಪಟಪಟ ಗುರುತು ಹಾಕಿದರು.

ಆಫೀಸು ಮುಗಿಸಿ ರಾತ್ರಿ ಅಂಕ ಕೂಡಿಸಿದೆ. ಎಕ್ಸೆಲ್‌ನಲ್ಲಿ ಟಿ-ಟೆಸ್ಟ್ ಹಾಕಿದೆ. ದಲಿತ ಹುಡುಗಿಯರಿಗೂ ಬೇರೆಯವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ನಿಜ ಹೇಳ್ತೀನಿ, ನಂಗೆ ಬೇಜಾರಾಯ್ತು. ಖುಷಿ ಪಡಬೇಕಿತ್ತು ಅಲ್ವಾ? ನಮ್ಮ ಹುಡುಗೀರು ಹೆದರಿಲ್ಲ ಅಂತ. ಅದರ ಬದಲು ನಾನು ಶೀಟ್ ಮುಂದೆ ಕೂತು, ಯಾವ ಮೂರು ಹೆಸರು ತೆಗೆದರೆ ವ್ಯತ್ಯಾಸ ಕಾಣಿಸುತ್ತೆ ಅಂತ ಲೆಕ್ಕ ಹಾಕಿದೆ. ಸಂಖ್ಯೆ 14 ಅನ್ನೋ ಹುಡುಗಿ, ದಲಿತಳು, ಕಬಡ್ಡಿಯ ಒಳ್ಳೆ ರೈಡರ್, ಅಂಕ ಬರೀ 12. ಅವಳನ್ನ ತೆಗೆದರೆ ನನ್ನ ಸರಾಸರಿ ಮೇಲಕ್ಕೆ ಹೋಗುತ್ತಿತ್ತು. ನಾನು ಬರೆಯೋಕೆ ಹೊರಟಿದ್ದ ವಾಕ್ಯ ನಿಜ ಆಗಬೇಕಾದರೆ ಆ ಮಕ್ಕಳು ಹೆದರಿರಲೇಬೇಕಾಗಿತ್ತು. ಹೋರಾಟದಲ್ಲಿರೋ ನಾವು ಎಷ್ಟು ಸಲ ಹೀಗೆ ಮಾಡಿದ್ದೀವಿ ಅಂತ ಆವತ್ತು ಯೋಚನೆ ಬಂತು. ನೊಂದವರ ಹತ್ತಿರ ಹೋಗ್ತೀವಿ, ನಮ್ಮ ಮನವಿಪತ್ರಕ್ಕೆ ಬೇಕಾದಷ್ಟು ನೋವು ಅವರು ತೋರಿಸಲಿಲ್ಲ ಅಂದ್ರೆ ಒಳಗೊಳಗೇ ನಿರಾಸೆ ಆಗುತ್ತೆ.

ಯಾರನ್ನೂ ತೆಗೆಯಲಿಲ್ಲ. ಆಫೀಸಿನಲ್ಲಿ ಆವಕ ರಿಜಿಸ್ಟರಿಗೆ ವೈಟ್ನರ್ ಹಚ್ಚಿದರೆ ಸಸ್ಪೆಂಡ್ ಮಾಡ್ತಾರೆ, ಇಲ್ಲಿ ಹಚ್ಚಿದರೆ ಯಾರಿಗೂ ಗೊತ್ತಾಗಲ್ಲ. ಆದರೆ ನಮ್ಮ ಪರವಾಗಿ ಹೇಳಿದ ಒಂದು ಸುಳ್ಳು ಸಿಕ್ಕಿಬಿದ್ದರೆ ಸಾಕು, ನಮ್ಮ ನೂರು ನಿಜಾನೂ ಅದರ ಜೊತೆ ಕಸದ ಬುಟ್ಟಿಗೆ ಹಾಕ್ತಾರೆ. ಬಾಬಾಸಾಹೇಬರು 1916ರಲ್ಲಿ, 25ನೇ ವಯಸ್ಸಲ್ಲಿ, ಕೊಲಂಬಿಯಾದ ಸೆಮಿನಾರಿನಲ್ಲಿ ಜಾತಿಯ ಬಗ್ಗೆ ಪ್ರಬಂಧ ಓದಿದಾಗ ತಾವು ಅನುಭವಿಸಿದ್ದನ್ನ ಹೇಳಿ ಮುಗಿಸಲಿಲ್ಲ. ಬೇರೆಯವರ ವಾದಗಳನ್ನ ಒಂದೊಂದಾಗಿ ತೂಗಿ ನೋಡಿದರು. ಅವರ ಫೋಟೋ ಗೋಡೆ ಮೇಲೆ ಇಟ್ಕೊಂಡು ನಾನು ಡೇಟಾ ತಿದ್ದೋಕಾಗುತ್ತಾ?

ಮಾತುಕತೆ ಶುರು ಮಾಡಿದೆ. ಮೊದಲು ಕರೆದಿದ್ದೇ ಸಂಖ್ಯೆ 14ನ್ನ. ನಿಂಗೆ ಭಯಾನೇ ಇಲ್ವಾ ಅಂದೆ. ಅವಳು ಹೇಳಿದ್ದು ಹೀಗೆ:

"ಮ್ಯಾಟ್ ಮೇಲೆ ಏನ್ ಭಯ ಮೇಡಂ? ಅಲ್ಲಿ ಎಲ್ಲಾರೂ ಎಲ್ಲಾರ್ನೂ ಮುಟ್ತಾರೆ, ಹಿಡೀತಾರೆ. ಸೋತ್ರೆ ಬಸ್ ಹತ್ಕೊಂಡು ಬಂದ್ಬುಡಬೌದು. ಗೆದ್ರೇನೇ ಕಷ್ಟ. ಆ ಊರಿನೋರು ಖುಷಿಯಾಗಿ ಮನೆಗೆ ಊಟಕ್ಕೆ ಕರೀತಾರಲ್ಲ, ಆವಾಗ ಎದೆ ಡವಡವ ಅಂತದೆ. ಯಾರ್ ಮಕ್ಳು ಅಂತ ಕೇಳ್ತಾರೆ."

ಪೆನ್ನು ಕೆಳಗಿಟ್ಟೆ. ನನ್ನ ಪ್ರಶ್ನಾವಳೀಲಿ 'ಸ್ಪರ್ಧೆಗೆ ಮುಂಚೆ' ಇದೆ, 'ಸ್ಪರ್ಧೆಯಲ್ಲಿ' ಇದೆ. ಗೆದ್ದ ಮೇಲೆ ಏನಾಗುತ್ತೆ ಅಂತ ಒಂದು ಹೇಳಿಕೆಯೂ ಇಲ್ಲ. ಆ ಭಯ ಅಳೆಯೋ ಟೇಪು ನನ್ನ ಕೈಲಿ ಇರಲೇ ಇಲ್ಲ. ಆಮೇಲೆ ಉಳಿದವರಿಗೂ "ಮ್ಯಾಚ್ ಮುಗಿದ ಮೇಲೆ?" ಅಂತ ಕೇಳಿದೆ. ಹೊಟ್ಟೆನೋವು ಅಂತ ಸುಳ್ಳು ಹೇಳಿ ಊಟ ಬಿಟ್ಟವಳಿದ್ದಳು. ನೀರಿನ ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೆದು, ತಪ್ಪಿ ಕೂಡ ಬೇರೆಯವರದ್ದು ಮುಟ್ಟದೇ ಇರೋಳಿದ್ದಳು.

ಇದೇನು ಹೊಸದಾ? ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಪೂನಾದಲ್ಲಿ ಮೈದಾನ ಗುಡಿಸುವ ಕೆಲಸದಲ್ಲಿದ್ದುಕೊಂಡೇ ದೊಡ್ಡ ಎಡಗೈ ಬೌಲರ್ ಆದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಟೀ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲ್ ಅವರಿಗೆ ಸಿಕ್ಕಿದ್ದು 1923ರಲ್ಲಿ. ವಂದನಾ ಕಟಾರಿಯಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದರು, ಭಾರತದ ಯಾವ ಮಹಿಳೆಯೂ ಅಲ್ಲಿವರೆಗೆ ಒಲಿಂಪಿಕ್ಸ್ ಹಾಕಿಯಲ್ಲಿ ಹೊಡೆದಿರಲಿಲ್ಲ. ಕೆಲವೇ ದಿನಕ್ಕೆ ಸೆಮಿಫೈನಲ್ ಸೋತಾಗ ಹರಿದ್ವಾರದ ಹತ್ತಿರ ಅವರ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಡಬೇಕಾಯ್ತು. ಮೈದಾನದ ಒಳಗಿನ ಅಂಕ ಮಾತ್ರ ನೋಡಿದರೆ ಇದ್ಯಾವುದೂ ಕಾಣಲ್ಲ.

ವೈವಾದಲ್ಲಿ ಕೇಳಿದ್ದೂ ಇದನ್ನೇ. "ವ್ಯತ್ಯಾಸ ಇಲ್ಲ ಅಂತ ನಿಮ್ಮ ಡೇಟಾನೇ ಹೇಳ್ತಿದೆಯಲ್ಲ, ಹಾಗಾದ್ರೆ ಕ್ರೀಡೆಯಲ್ಲಿ ಜಾತಿ ಇಲ್ಲ ತಾನೇ?" ನಾನು ಹೇಳಿದೆ: "ಸಾರ್, 30 ಜನರಿಂದ ಇದೆ ಅಂತಲೂ ಹೇಳಕ್ಕಾಗಲ್ಲ, ಇಲ್ಲ ಅಂತಲೂ ಹೇಳಕ್ಕಾಗಲ್ಲ. ನಾನು ಅಳೆದಿದ್ದು ಆಟದ ಮುಂಚಿನ ಭಯ. ಅವರು ಹೇಳಿದ್ದು ಆಟದ ಆಮೇಲಿನ ಭಯ. ಆ ಅಧ್ಯಾಯ ಬೇರೆ ಬರೆದಿದ್ದೀನಿ." ಅವರು ಪುಟ ತಿರುವಿ ನೋಡಿದರು. ಆಮೇಲೆ, "ಹಾಗಾದ್ರೆ ಯಾರ ಜಾತೀನೂ ಎಲ್ಲೂ ಕೇಳದೇ ಇದ್ರೆ ಆಯ್ತಲ್ಲ?"

ಈ ಮಾತು ನಿಮಗೂ ಎದುರಾಗುತ್ತೆ, ಅದಕ್ಕೇ ನನ್ನ ಉತ್ತರ ಇಲ್ಲೂ ಬರೀತೀನಿ. ನನ್ನ ಟೇಬಲ್ಲಿಗೆ ದಿನಾ ಜಾತಿ ಪ್ರಮಾಣಪತ್ರದ ಅರ್ಜಿ ಬರುತ್ತೆ. ಆ ಕಾಗದದಿಂದ ಹಾಸ್ಟೆಲ್ ಸಿಗುತ್ತೆ, ಫೀಸು ಸಿಗುತ್ತೆ, ನಾನು ಕೂತಿರೋ ಕುರ್ಚಿಯೂ ಸಿಕ್ಕಿದ್ದು ಹಾಗೇ. 1995ರಲ್ಲಿ ಆ ಭತ್ಯೆ ನಂಗೆ ಬೇಕಿತ್ತು. ಅದು ನನ್ನ ಹಕ್ಕು. ತಪ್ಪಾಗಿದ್ದು ಪಟ್ಟಿ ಇದ್ದದ್ದಲ್ಲ, ಓಟದ ಗೆರೆ ಮೇಲೆ ನಿಲ್ಲಿಸಿ ಕೈ ಎತ್ತಿಸಿದ್ದು. ಅದಕ್ಕಿಂತ ದೊಡ್ಡ ತಪ್ಪು, ಎತ್ತಿದ ಕೈ ನೋಡಿ "ಓ, ನೀನಾ" ಅನ್ನೋ ಹಾಗೆ ಒಂದು ಊರು ಆ ಹುಡುಗಿಯನ್ನ ಬೆಳೆಸಿದ್ದು. ಜಾತಿಯ ಕಾಲಂ ಅಳಿಸಿದರೆ ನಮ್ಮ ಹಕ್ಕು ಹೋಗುತ್ತೆ, ಅವರ "ಓ" ಹೋಗಲ್ಲ.

ನಮ್ಮವರಲ್ಲಿ ದೈಹಿಕ ಶಿಕ್ಷಕರು, ವಾರ್ಡನ್‌ಗಳು, ಕೋಚ್‌ಗಳು ಇದ್ದೀರಿ. ಎರಡೇ ಮನವಿ. ಭತ್ಯೆ, ಸ್ಕಾಲರ್‌ಶಿಪ್ ಪಟ್ಟಿಗೆ ಸಹಿ ಮೈದಾನದಲ್ಲಿ, ಕ್ಲಾಸಿನಲ್ಲಿ ಕೂಗಿ ತಗೋಬೇಡಿ, ಒಬ್ಬೊಬ್ಬರನ್ನೇ ಕರೆದು ತಗೊಳ್ಳಿ. ಮತ್ತೆ, ಮಕ್ಕಳು ಮ್ಯಾಚಿಗೆ ಹೋಗಿ ಬಂದಾಗ ಗೆದ್ರಾ ಅಂತ ಕೇಳಿದ ಮೇಲೆ, ಎಲ್ಲಿ ಉಂಡ್ರಿ, ಯಾರ ಜೊತೆ ಕೂತ್ರಿ ಅಂತಲೂ ಕೇಳಿ.

ವರದಿಯನ್ನ ಇಂಗ್ಲಿಷಿನಲ್ಲೇ ಕೊಡಬೇಕಿತ್ತು, ಕೊಟ್ಟಿದ್ದೀನಿ. ಮೊನ್ನೆ ಸಂಖ್ಯೆ 14 ಫೋನ್ ಮಾಡಿ "ನಮ್ ಬಗ್ಗೆ ಏನ್ ಬರ್ದ್ರಿ, ನಮಗೂ ತೋರ್ಸಿ" ಅಂದಳು. ಅದಕ್ಕೇ ಈಗ ಕನ್ನಡದಲ್ಲಿ ನಾಲ್ಕು ಪುಟ ಬರೀತಿದ್ದೀನಿ. ಭಾನುವಾರ ಹಾಸ್ಟೆಲಿಗೆ ಹೋಗಿ ಓದಿ ಹೇಳ್ತೀನಿ. ತಪ್ಪಿದ್ದರೆ ಅವರೇ ತಿದ್ದಲಿ. ಎಂಎ ರಿಸಲ್ಟ್ ಯಾವಾಗಾದರೂ ಬರಲಿ, ನಂಗೆ ಎದೆ ಡವಡವ ಅಂತಿರೋದು ಆ ಭಾನುವಾರಕ್ಕೆ.

ಜೈಭೀಮ್.