ಹೊಳೆ ಆಚೆಬದಿಗೆ ಶಾಲೆ ಇತ್ತಡಾ?

ಕಳೆದ ವಾರ ಮಗಳಿಗೆ ಶಾಲೆಯಲ್ಲಿ 'ನಮ್ಮ ಊರು' ಹೇಳಿ ಪ್ರಾಜೆಕ್ಟ್ ಕೊಟ್ಟಿದ್ರು. ಭೂಗೋಳ ಎರಡು ಪುಟ, ಇತಿಹಾಸ ಎರಡು ಪುಟ, ಒಂದು ನಕ್ಷೆ. ಅಪ್ಪೆಹುಳಿಗೆ ಒಗ್ಗರಣೆ ಹಾಕ್ತಿದ್ದ ನನ್ನ ಹಿಂದೆ ಬಂದು ನಿಂತು, "ಆಯಿ, ಈ ಹೊನ್ನಾವರದಲ್ಲಿ ಬರೆಯುವಂಥದ್ದು ಎಂತ ಇದ್ದು?" ಹೇಳಿ ರಾಗ ಎಳೆದಳು.

ಊಟ ಆದಮೇಲೆ ಇಬ್ಬರೂ ಜಗಲಿಯಲ್ಲಿ ಕೂತೆವು. ನಮ್ಮದು ಪಟ್ಟಣ ಪಂಚಾಯತ. ಉತ್ತರಕ್ಕೆ ಕುಮಟಾ, ದಕ್ಷಿಣಕ್ಕೆ ಭಟ್ಕಳ, ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಸಮುದ್ರ. ಶರಾವತಿ ತೀರ್ಥಹಳ್ಳಿ ಬದಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ, ಸುಮಾರು 128 ಕಿಲೋಮೀಟರ್ ಹರಿದು ನಮ್ಮೂರ ಬಾಗಿಲಲ್ಲೇ ಸಮುದ್ರ ಸೇರುತ್ತದೆ. ಸೇರುವಲ್ಲಿ ಎಷ್ಟು ಅಗಲ ಅಂದ್ರೆ, ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇಲ್ಲೇ ಕಟ್ಟಬೇಕಾಯ್ತು. ಎರಡು ಕಿಲೋಮೀಟರಿಗೂ ಜಾಸ್ತಿ.

ಇತಿಹಾಸವೂ ಹೊಳೆಯದ್ದೇ. ಕಾಳುಮೆಣಸು ಈ ಹೊಳೆಯಲ್ಲೇ ಇಳಿದು ಬಂದು ಹಡಗು ಹತ್ತುತ್ತಿತ್ತು. 16ನೇ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಕೊಟ್ಟ ಹೆಸರೇ ಕಾಳುಮೆಣಸಿನ ರಾಣಿ. ಅದಕ್ಕೂ ಮೊದಲು, 1340ರ ದಶಕದಲ್ಲಿ, ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಇಲ್ಲಿನ ಮುಸ್ಲಿಂ ಹೆಂಗಸರು ಕುರಾನನ್ನು ಬಾಯಿಪಾಠ ಕಲಿತಿದ್ದರು, ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ ಎಂದು ಬರೆದಿದ್ದಾನೆ.

ಇದನ್ನು ಮಗಳು ಗಟ್ಟಿಯಾಗಿ ಓದುವಾಗ, ಅಡಿಕೆ ಕತ್ತರಿಸ್ತಾ ಕೂತಿದ್ದ ಅತ್ತೆ ತಲೆ ಎತ್ತಿದರು.

"ಅದ್ರಲ್ಲಿ ಒಂದಾದ್ರೂ ಹೊಳೆ ಆಚೆಬದಿಗೆ ಇತ್ತಡಾ?"

ನಮಗೆ ಮೊದಲು ನಗು ಬಂತು. ಅವರು ನಗಲಿಲ್ಲ.

ಅತ್ತೆಯ ತವರುಮನೆ ಹೊಳೆಯ ದಕ್ಷಿಣ ದಂಡೆ. ಆಗಿನ್ನೂ ರಸ್ತೆಗೆ ಸೇತುವೆ ಇಲ್ಲ, ತಾರಿಯಲ್ಲಿ ದಾಟಬೇಕು. ಮನೆ ಹತ್ತಿರದ ಕನ್ನಡ ಶಾಲೆಯಲ್ಲಿ ನಾಲ್ಕನೇತ್ತಿ ಮುಗೀತು. ಮುಂದೆ ಓದಬೇಕಂದ್ರೆ ಈ ಬದಿಗೆ ಬರಬೇಕು. ಅಣ್ಣ ದಿನಾ ದೋಣಿ ಹತ್ತಿ ಬಂದ. ಇವರನ್ನ ಕಳಿಸಲಿಲ್ಲ.

"ಅಪ್ಪಯ್ಯ ಕೆಟ್ಟವ ಅಲ್ದಾಗಿತ್ತು," ಅಂದರು ಅತ್ತೆ. "ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರ್ತಿತ್ತು. ಮಾಣಿ ಆದ್ರೆ ಈಜಿಕಂಡಾದ್ರೂ ಬತ್ತ, ಕೂಸು ಎಂತ ಮಾಡ್ತು ಹೇಳ್ತಿದ್ದ." ಸ್ವಲ್ಪ ಹೊತ್ತು ಬಿಟ್ಟು, "ಯಂಗೂ ಈಜು ಬತ್ತಿತ್ತು. ಯಾರೂ ಕೇಳಿದ್ವಿಲ್ಲೆ."

ಅಣ್ಣನ ಹಳೇ ಪುಸ್ತಕಗಳನ್ನು ಚಿಮಣಿ ಬುಡ್ಡಿ ಬೆಳಕಲ್ಲಿ ಓದಿದ್ದು, ಏಳನೇತ್ತಿಯ ಲೆಕ್ಕ ಬಿಡಿಸಿದ್ದು ಎಲ್ಲ ಆವತ್ತೇ ಹೇಳಿದರು. ಮಗನಿಗೂ, ಅಂದ್ರೆ ನಮ್ಮನೆಯವರಿಗೂ, ಇದು ಗೊತ್ತಿರಲಿಲ್ಲ. ಅಂಗಡಿ ಚೀಟಿಯ ಲೆಕ್ಕವನ್ನು ಅತ್ತೆ ನನಗಿಂತ ಬೇಗ ಕೂಡುವುದು ಯಾಕೆ ಅಂತ ನನಗೂ ಅವತ್ತೇ ತಿಳಿದದ್ದು.

ಅತ್ತೆ ಹುಟ್ಟುವಾಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕ ಆಯ್ತು. ಅವರು ಮಾತ್ರ ಹೊಳೆಯ ಆ ದಂಡೆಯಿಂದ ಈ ದಂಡೆಗೆ ಬಂದದ್ದು ಒಂದೇ ಸಲ, ಮದುವೆಯಾಗಿ. ಹಡಗಲ್ಲಿ ಮೊರಾಕ್ಕೋದವನನ್ನೂ ಪೋರ್ಚುಗೀಸರನ್ನೂ ಕರೆದು ತಂದ ನೀರು, ಒಂದು ಕೂಸಿಗೆ ಐದನೇತ್ತಿಗೆ ದಾರಿ ಕೊಡಲಿಲ್ಲ. ನೀರನ್ನೇ ದೂರಿ ಪ್ರಯೋಜನ ಇಲ್ಲ, ಅದೇ ನೀರಲ್ಲಿ ಅಣ್ಣ ದಾಟಿದ್ದನಲ್ಲ.

ಈಗ ಸೇತುವೆ ಮೇಲೆ ಬಸ್ಸು ಐದು ನಿಮಿಷದಲ್ಲಿ ದಾಟ್ತದೆ. 2023ರಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ. ಆಚೆ ದಂಡೆಯ ಹುಡುಗಿಯರು ಗುಂಪು ಗುಂಪಾಗಿ ಕಾಲೇಜಿಗೆ ಬರುವುದನ್ನ ಅತ್ತೆ ಪೇಟೆಗೆ ಹೋದಾಗಲೆಲ್ಲ ನಿಂತು ನೋಡ್ತಾರೆ. ಮೊದಲೆಲ್ಲ "ಬನ್ನಿ ಅತ್ತೆ, ಹೊತ್ತಾತು" ಹೇಳಿ ಅವಸರ ಮಾಡ್ತಿದ್ದೆ. ಇನ್ನು ಮಾಡೂದಿಲ್ಲ.

ನಕ್ಷೆ ಬಿಡಿಸುವಾಗ ಮಗಳು ಹೊಳೆಗೆ ನೀಲಿ ಬಣ್ಣ ಹಚ್ಚಿ, ರಸ್ತೆ ಸೇತುವೆ, ರೈಲು ಸೇತುವೆ ಹಾಕಿದಳು. ಆಮೇಲೆ ಅಮ್ಮಮ್ಮನ ಮುಂದೆ ಹಿಡಿದು, "ತಾರಿ ಎಲ್ಲಿತ್ತು ತೋರ್ಸು" ಅಂದಳು. ಅತ್ತೆ ಪೆನ್ಸಿಲ್ ತಗೊಂಡು, ದಂಡೆಯಿಂದ ದಂಡೆಗೆ ಚುಕ್ಕಿ ಚುಕ್ಕಿ ಗೆರೆ ಎಳೆದರು.