ಒಂದೇ ಸೈಕಲ್ ಇಟ್ಕೊಳ್ಳಿ ಅಂದ್ರೆ ಯಾವುದು?

ಮನೆಯಲ್ಲಿರುವ ಸೈಕಲ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು ಅಂದರೆ ನೀವು ಯಾವುದನ್ನು ಇಟ್ಟುಕೊಳ್ಳುತ್ತೀರಿ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದು ತೀರ್ಮಾನವಾಗಲು ಒಂದು ತಿಂಗಳು ಹಿಡಿಯಿತು. ವಯಸ್ಸಾದವರು ಇರುವ ಮನೆಗಳಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇವೆ.

ಹಳೇ ಕೊಟ್ಟಿಗೆಯ ಹೆಂಚು ಇಳಿಸಿ ಶೀಟು ಹಾಕಿಸಿದೆವು. ಎರಡು ಹಸು, ಮೇವು, ಸುದ್ದಿಗೆ ಓಡಾಡುವ ನಮ್ಮ ಬೈಕು, ಇಷ್ಟಕ್ಕೆ ಜಾಗ ಬಿಟ್ಟರೆ ಗೋಡೆ ಪಕ್ಕ ಉಳಿದದ್ದು ಒಂದೇ ಸೈಕಲ್ಲಿನಷ್ಟು. ಇದ್ದದ್ದು ಮೂರು.

ಮೊದಲನೆಯದು ಅಪ್ಪನ ಕರೀ ಸೈಕಲ್. 28 ಇಂಚಿನ ಚಕ್ರ, ಡಬಲ್ ಕಂಬಿ, ಕಡ್ಡಿ ಬ್ರೇಕು, ಅಗಲವಾದ ಕ್ಯಾರಿಯರ್. 50 ಕೆಜಿ ಗೊಬ್ಬರದ ಮೂಟೆ, ಮಿಲ್ಲಿಗೆ ರಾಗಿ, ಸಂತೆಗೆ ತೆಂಗಿನಕಾಯಿ ಎಲ್ಲ ಹೊತ್ತಿದೆ. ನಾವು ಒಳಪೆಡ್ಲು ಕಲಿತದ್ದೂ ಅದರಲ್ಲೇ. ಕಂಬಿಯ ಕೆಳಗೆ ಕಾಲು ತೂರಿಸಿ, ಸೊಟ್ಟಗೆ ಜೋತುಬಿದ್ದು ತುಳಿಯುವ ಆ ಕಲೆ ನಮ್ಮ ವಯಸ್ಸಿನವರಿಗೆ ಗೊತ್ತಿರುತ್ತೆ.

ಎರಡನೆಯದು ತಂಗಿಯದು. ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವುದನ್ನು ಸರ್ಕಾರ ಶುರುಮಾಡಿದ್ದು 2006-07ರಲ್ಲಿ. ಅದಾದ ಎರಡು ವರ್ಷಕ್ಕೆ ತಂಗಿಗೆ ಸಿಕ್ಕಿತು. ಕಂಬಿ ಇಲ್ಲ, ಮುಂದೆ ಬುಟ್ಟಿ. ಹೈಸ್ಕೂಲಿಗೆ ದಿನಾ ಹೋಗಿ ಬಂದು 9 ಕಿಲೋಮೀಟರ್ ತುಳಿದಳು. ಮದುವೆಯಾಗಿ ಹೋದ ಮೇಲೆ ಅದು ಮೇವಿನ ಮನೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು.

ಮೂರನೆಯದು ಗೇರ್ ಸೈಕಲ್. ಅಕ್ಕನ ಮಗ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಇಲ್ಲಿ ಬಿಟ್ಟುಹೋಗಿದ್ದ. 21 ಗೇರು, ದಪ್ಪ ಟೈರು, ಡಿಸ್ಕ್ ಬ್ರೇಕು. ನೋಡೋಕೆ ಚೆನ್ನಾಗಿದೆ. ಆದರೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಹಿಂದಿನ ಗೇರು ಬದಲಿಸುವ ಕೊಂಡಿ ಬಾಗಿದಾಗ ನಮ್ಮೂರ ಸೈಕಲ್ ಶಾಪಿನವರು ತಿರುಗಿಸಿ ನೋಡಿ, "ಇದಕ್ಕೆ ಸಾಮಾನು ತುಮಕೂರಿಂದಲೇ ಬರಬೇಕು ಕಣಪ್ಪ" ಅಂದರು. ಅವರ ಡಬ್ಬಿಯಲ್ಲಿ ಕಾಟರ್ ಪಿನ್ ಇದೆ, ವಾಲ್ ಟ್ಯೂಬ್ ಇದೆ, ಕಡ್ಡಿ ಬ್ರೇಕಿನ ರಬ್ಬರ್ ಇದೆ. ಡಿಸ್ಕ್ ಬ್ರೇಕಿನದು ಇಲ್ಲ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭ. ಕರೀ ಸೈಕಲ್ ಉಳಿಯುತ್ತಿತ್ತು, ಉಳಿದೆರಡು ಹೋಗುತ್ತಿದ್ದವು. ಆದರೆ ಕಳೆದ ಮಳೆಗಾಲದಲ್ಲಿ ಅಪ್ಪ ಆ ಸೈಕಲ್ಲಿಂದ ಬಿದ್ದರು.

ಹಳ್ಳಿಯಲ್ಲಿ ಗಂಡಸರು ಸೈಕಲ್ ಹತ್ತುವುದು ನಿಮಗೆ ಗೊತ್ತಿದೆ. ಎಡಗಾಲು ಪೆಡಲ್ ಮೇಲೆ, ಎರಡು ಹೆಜ್ಜೆ ತಳ್ಳು, ಬಲಗಾಲನ್ನು ಹಿಂದಿನಿಂದ ಬೀಸಿ ಆ ಕಡೆ ಹಾಕು. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು ಇದ್ದರೆ ಬೀಸೋಕೆ ಆಗಲ್ಲ. ಮುಂದಿನಿಂದ, ಕಂಬಿ ಮೇಲೆ ಎತ್ತಿ ಹಾಕಬೇಕು. ಅಪ್ಪನಿಗೆ 68. ಬಲಗಾಲು ಅಷ್ಟು ಎತ್ತರ ಏಳಲಿಲ್ಲ. ಹಾಲು ಚೆಲ್ಲಿತು, ಮೊಣಕೈ ತರಚಿತು. ಮೂಳೆಗೆ ಏನೂ ಆಗಲಿಲ್ಲ. ಡಾಕ್ಟರು, "ಸೊಂಟದ ಕೀಲು ಸವೆದಿದೆ. ಸೈಕಲ್ ತುಳಿಯೋದು ಒಳ್ಳೇದೇ, ಬೀಳೋದು ಮಾತ್ರ ಒಳ್ಳೇದಲ್ಲ" ಅಂದರು.

ಅವತ್ತಿಂದ ಅಪ್ಪ ಡೇರಿಗೆ ಹೋಗುವುದು ನಿಂತಿತು. ನಾವು ಊರಲ್ಲಿದ್ದರೆ ಬೈಕಿನಲ್ಲಿ ಹಾಲು ಹಾಕಿ ಬರುತ್ತಿದ್ದೆವು. ಸುದ್ದಿಗೆ ಹೋದ ದಿನ ಪಕ್ಕದ ಮನೆ ಹುಡುಗ ಹಾಕುತ್ತಿದ್ದ. ಹಾಲಿನ ಕೆಲಸ ನಿಲ್ಲಲಿಲ್ಲ. ಆದರೆ ಡೇರಿ ಅಂದರೆ ಬರೀ ಹಾಲಲ್ಲ. ಫ್ಯಾಟು ಎಷ್ಟು ಬಂತು ಅಂತ ಜಗಳ ಆಡಬೇಕು, ಪಕ್ಕದ ಅಂಗಡಿಯಲ್ಲಿ ಟೀ ಕುಡಿಯಬೇಕು, ಯಾರ ಬೋರ್‌ವೆಲ್ ನಿಂತಿತು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ ಕೇಳಬೇಕು. ನಿಜ ಹೇಳಬೇಕೆಂದರೆ ನಾವು ಬರೆದ ಎಷ್ಟೋ ಸುದ್ದಿಗಳು ಮೊದಲು ಅಪ್ಪನ ಬಾಯಲ್ಲಿ ಡೇರಿಯಿಂದಲೇ ಮನೆಗೆ ಬಂದವು. ಈಗ ಅವರು ಜಗುಲಿ ಮೇಲೆ ಕೂತು ಮಾತು ಕಡಿಮೆ ಮಾಡಿದರು. ಅಮ್ಮ ಒಂದು ದಿನ, "ಇವರಿಗೆ ಒಂದು ಸೈಕಲ್ ನೋಡ್ರಪ್ಪಾ, ಹಿಂಗೇ ಕೂತ್ರೆ ಕೂತೇಬಿಡ್ತಾರೆ" ಅಂದರು.

ಹೀಗಾಗಿ ಪ್ರಶ್ನೆ ಬದಲಾಯಿತು. ಯಾವ ಸೈಕಲ್ ಒಳ್ಳೆಯದು ಅನ್ನುವುದು ಹೋಗಿ, ಯಾವುದನ್ನು ಅಪ್ಪ ಹತ್ತಬಲ್ಲರು ಅಂತಾಯಿತು.

ನಮ್ಮ ಭಾವ ಫೋನಿಗೆ ಒಂದು ವಿಡಿಯೋ ಕಳಿಸಿದರು. ರೆಕಂಬೆಂಟ್ ಸೈಕಲ್ ಅಂತ. ಕುರ್ಚಿಯಲ್ಲಿ ಒರಗಿ ಕೂತ ಹಾಗೆ ಕೂರುವುದು, ಪೆಡಲ್ ಕೆಳಗಿಲ್ಲ, ಮುಂದೆ ಇದೆ. ಕಾಲು ಚಾಚಿ ತುಳಿಯಬೇಕು. ಭಾರ ಬೆನ್ನಿಗೂ ಹಂಚಿಹೋಗುವುದರಿಂದ ಸೊಂಟ, ಮಣಿಕಟ್ಟು, ಕತ್ತು ನೋಯುವುದು ಕಡಿಮೆ. ತಗ್ಗಾಗಿ ಒರಗಿದ್ದರೆ ಎದುರುಗಾಳಿ ಮೈಗೆ ಬಡಿಯುವುದೂ ಕಡಿಮೆ, ಅದಕ್ಕೇ ಸಮತಟ್ಟು ರಸ್ತೆಯಲ್ಲಿ ಜೋರಾಗಿ ಓಡುತ್ತದೆ. ಮೂರು ಚಕ್ರದ್ದೂ ಇದೆ, ಅದಕ್ಕೆ ಬ್ಯಾಲೆನ್ಸ್ ಕೂಡ ಬೇಕಿಲ್ಲ. ಅಪ್ಪ ವಿಡಿಯೋ ಪೂರ್ತಿ ನೋಡಿ, "ಮಲಕ್ಕಂಡು ಸೈಕಲ್ ಹೊಡೆಯೋದಾ? ಇದು ಸೈಕಲ್ಲೇ ಅಲ್ಲ ಬಿಡು" ಅಂದರು.

ಆ ಮಾತು ನಮಗೆ ಕುತೂಹಲ ಹುಟ್ಟಿಸಿತು. ಹುಡುಕಿದರೆ, ಅಪ್ಪ ಹೇಳಿದ್ದನ್ನೇ ಸುಮಾರು 90 ವರ್ಷದ ಹಿಂದೆ ದೊಡ್ಡವರು ಸಭೆ ಸೇರಿ ಹೇಳಿದ್ದರು!

ಫ್ರಾನ್ಸಿನಲ್ಲಿ ಶಾರ್ಲ್ ಮೊಶೆ ಅನ್ನುವವರು ಪೆಡಲ್ ತುಳಿದು ಓಡಿಸುವ ಪುಟ್ಟ ಕಾರುಗಳನ್ನು ಮಾಡುತ್ತಿದ್ದರು. ಅದೇ ಕೂರುವ ರೀತಿ ಇಟ್ಟುಕೊಂಡು ಎರಡು ಚಕ್ರದ ಒರಗು ಸೈಕಲ್ ಮಾಡಿದರು. 1933ರ ಜುಲೈನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಪ್ಯಾರಿಸ್ಸಿನ ಟ್ರ್ಯಾಕಿನಲ್ಲಿ ಅದನ್ನು ಹತ್ತಿ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಹೋದ. ಅದಕ್ಕೂ ಮೊದಲಿನ ದಾಖಲೆ 44.247, ಅದು 1914ರದ್ದು. ಹೆಚ್ಚು ಕಡಿಮೆ 20 ವರ್ಷ ಯಾರೂ ಮುಟ್ಟದ ದಾಖಲೆಯನ್ನು, ದೊಡ್ಡ ಹೆಸರಿನ ಸವಾರರ ಸಾಲಿನಲ್ಲಿ ಇಲ್ಲದ ಒಬ್ಬ ಮುರಿದುಬಿಟ್ಟ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದಲ್ಲಿ ಚರ್ಚೆ ಎದ್ದಿತು, ಇದು ಸೈಕಲ್ಲೋ ಅಲ್ಲವೋ ಅಂತ. 1934ರಲ್ಲಿ ಹೊಸ ನಿಯಮ ಬಂತು. ಸೀಟು ಎಲ್ಲಿರಬೇಕು, ಪೆಡಲಿನ ಅಚ್ಚು ಎಲ್ಲಿರಬೇಕು ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದರು. ಆ ಅಳತೆಗೆ ಒರಗು ಸೈಕಲ್ ಹೊರಗೆ. ದೊಡ್ಡ ರೇಸುಗಳಲ್ಲಿ ಅದಕ್ಕೆ ಇವತ್ತಿಗೂ ಜಾಗ ಇಲ್ಲ. ಅದೇ ವರ್ಷ ಮೊಶೆ ತೀರಿಕೊಂಡರು.

ಓಡುತ್ತದೆ, ತುಳಿಯಬಹುದು, ಚಕ್ರ ಇದೆ. ಆದರೂ ಸೈಕಲ್ ಅಲ್ಲ. ಯಾಕೆಂದರೆ ಸೈಕಲ್ ಹೀಗಿರಬೇಕು ಅಂತ ಕೆಲವರು ಕೂತು ಬರೆದರು, ಅಷ್ಟೇ.

ಹಾಗಂತ ಒರಗು ಸೈಕಲ್ಲನ್ನು ನಾವು ತರಿಸಲಿಲ್ಲ. ಕಾರಣ ಹೇಳುತ್ತೇವೆ. ಅದರ ಚೈನು ಎರಡು ಮೂರು ಸಾಮಾನ್ಯ ಚೈನಿನಷ್ಟು ಉದ್ದ, ಕಿತ್ತರೆ ನಮ್ಮೂರಲ್ಲಿ ಕೂಡಿಸುವವರಿಲ್ಲ. ದಿಣ್ಣೆ ಬಂದರೆ ಎದ್ದು ನಿಂತು ತುಳಿಯಲು ಆಗಲ್ಲ. ಮೂರು ಚಕ್ರದ್ದಂತೂ ನೆಲಕ್ಕೆ ಹತ್ತಿರ, ಕಬ್ಬಿಣದ ಲೋಡಿನ ಲಾರಿಯವನಿಗೆ ಕಾಣಿಸಲ್ಲ. ಬದುವಿನ ದಾರಿಗೆ ಅದರ ಅಗಲ ಹೆಚ್ಚಾಯಿತು. ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದಲ್ಲ. ಒಂದೊಂದು ಸುದ್ದಿಗೆ ಇಷ್ಟು ಅಂತ ದುಡಿಯುವವರು ನಾವು.

ಆದರೆ ಆ ಕಥೆ ಓದಿದ ಮೇಲೆ ಗೋಣಿಚೀಲ ಹೊದ್ದಿದ್ದ ತಂಗಿಯ ಸೈಕಲ್ ಬೇರೆ ಥರ ಕಾಣಿಸಿತು. ಅಷ್ಟು ದಿನ ಅದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಯಾಕೆ? ಕಂಬಿ ಇಲ್ಲದ್ದು ಹೆಂಗಸರ ಸೈಕಲ್. ಗಂಡಸರು ಹತ್ತುವಂತಿಲ್ಲ. ಈ ನಿಯಮವನ್ನು ನಮ್ಮೂರಲ್ಲಿ ಯಾರೂ ಬರೆದಿಲ್ಲ, ಯಾವ ಒಕ್ಕೂಟವೂ ಸಭೆ ಮಾಡಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಹಿಂದೆ ಉದ್ದ ಲಂಗದ ಹೆಂಗಸರು ಹತ್ತಲಿ ಅಂತ ಕಂಬಿಯನ್ನು ಕೆಳಗೆ ಬಗ್ಗಿಸಿದರು. ಕಾಲು ಎತ್ತಬೇಕಿಲ್ಲ, ದಾಟಿಸಿದರೆ ಸಾಕು. ಅಪ್ಪನಿಗೆ ಬೇಕಿದ್ದದ್ದೂ ಅಷ್ಟೇ.

ಹೇಳಿದಾಗ ಅಪ್ಪ ಮಾತಾಡಲಿಲ್ಲ. ಎದ್ದು ಹಸುವಿಗೆ ನೀರು ಕುಡಿಸಲು ಹೋದರು. ನಾವೂ ಒತ್ತಾಯ ಮಾಡಲಿಲ್ಲ. ತಂಗಿಗೆ ಫೋನ್ ಮಾಡಿದೆವು, ಅವಳ ವಸ್ತು ತಾನೇ. ಅವಳೇ ಅಪ್ಪನ ಹತ್ತಿರ ಮಾತಾಡಿದಳು. ಏನು ಮಾತಾಡಿದರೋ ಗೊತ್ತಿಲ್ಲ. ಮಾರನೇ ದಿನ ಅಪ್ಪ ತಾವೇ ಗೋಣಿಚೀಲ ತೆಗೆದು, ಟೈರು ಒತ್ತಿ ನೋಡುತ್ತಾ, "ಟ್ಯೂಬು ಎರಡೂ ಹೋಗಿದಾವೆ, ಶಾಪಿಗೆ ತಗೊಂಡೋಗು" ಅಂದರು.

ಶಾಪಿನಲ್ಲಿ ಟೈರು, ಟ್ಯೂಬು, ಬ್ರೇಕ್ ರಬ್ಬರ್ ಹಾಕಿಸಿ, ಚಕ್ರದ ಬೆಂಡು ತೆಗೆಸಿದೆವು. ಎಲ್ಲ ಸಾಮಾನೂ ಊರಲ್ಲೇ ಸಿಕ್ಕಿತು. ಕರೀ ಸೈಕಲ್ಲಿನ ಕ್ಯಾರಿಯರ್ ಇದಕ್ಕೆ ಕೂರಲಿಲ್ಲ, ಚಕ್ರ ಚಿಕ್ಕದು. ಶಾಪಿನವರು ಕಾಲು ಕತ್ತರಿಸಿ ವೆಲ್ಡಿಂಗ್ ಮಾಡಿಸಿಕೊಟ್ಟರು. ಕೂತಾಗ ಎರಡೂ ಪಾದದ ಮುಂಭಾಗ ನೆಲ ಮುಟ್ಟುವಷ್ಟು ಸೀಟು ಇಳಿಸಿದರು. ಇನ್ನೂ ಇಳಿಸಬೇಡಿ, ಮೊಣಕಾಲು ತುಂಬಾ ಮಡಚಿದರೆ ಅಲ್ಲಿ ನೋವು ಶುರುವಾಗುತ್ತೆ ಅಂದದ್ದೂ ಅವರೇ.

ಮೊದಲ ನಾಲ್ಕು ದಿನ ಅಪ್ಪ ಬೆಳಕು ಹರಿಯುವ ಮೊದಲೇ ಶಾಲೆ ಮೈದಾನದಲ್ಲಿ ಓಡಿಸಿದರು. ಐದನೇ ದಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋದರು. ಅಲ್ಲಿ ಯಾರೋ, "ಏನ್ ಯಜಮಾನ್ರೇ, ಮಗಳ ಸೈಕಲ್ಲಾ?" ಅಂದರಂತೆ. "ಹೂಂ, ಮಗಳ್ದೇ. ಇಸ್ಕಂಡಿದೀನಿ" ಅಂದರಂತೆ. ಒಂದು ವಾರ ನಗೆ ನಡೆಯಿತು, ಆಮೇಲೆ ಫ್ಯಾಟಿನ ಜಗಳ ಶುರುವಾಯಿತು. ಈಗ ಅವರ ವಯಸ್ಸಿನ ಇನ್ನೊಬ್ಬರು ಸೊಸೆಯ ಸೈಕಲ್ಲಿನಲ್ಲಿ ಬರುತ್ತಾರೆ.

ಕಳೆದುಕೊಂಡದ್ದೂ ಇದೆ. ಕಂಬಿ ಇಲ್ಲದ ಸೈಕಲ್ ಹೆಚ್ಚು ಭಾರಕ್ಕೆ ಓಲಾಡುತ್ತದೆ. ಮೂಟೆ ಹೇರೋಕೆ ಆಗಲ್ಲ, ಗೊಬ್ಬರಕ್ಕೆ ಈಗ ಆಟೋ ಹೇಳಬೇಕು. ಕರೀ ಸೈಕಲ್ಲನ್ನು ಗುಜರಿಗೆ ಹಾಕಲಿಲ್ಲ. ಹಳ್ಳಿ ಹಳ್ಳಿಗೆ ಸೊಪ್ಪು ಮಾರುವ ಒಬ್ಬರು ಕೇಳಿ ತಗೊಂಡರು. ಅಪ್ಪ ದುಡ್ಡು ತಗೊಳ್ಳಲಿಲ್ಲ, ಪಂಪನ್ನೂ ಜೊತೆಗೆ ಕೊಟ್ಟರು. ಗೇರ್ ಸೈಕಲ್ ಅಕ್ಕನ ಮಗನ ಹಾಸ್ಟೆಲ್ ಸೇರಿತು. ಅಮ್ಮ ಈಗ ತಂಗಿಯ ಸೈಕಲ್ ಮೇಲೆ ಮೇವಿನ ಹೊರೆ ಇಟ್ಟು ತಳ್ಳಿಕೊಂಡು ಬರುತ್ತಾರೆ. ಹತ್ತಿ ತುಳಿಯುವುದನ್ನು ಇನ್ನೂ ಕಲಿತಿಲ್ಲ. "ನೋಡಾನ" ಅಂದಿದ್ದಾರೆ.

ನೀವೂ ಆರಿಸಬೇಕಾಗಿ ಬಂದರೆ ಮೂರು ವಿಷಯ ನೋಡಿ. ಮನೆಯಲ್ಲಿ ಹತ್ತಲು ಕಷ್ಟ ಇರುವವರು ಯಾರು, ಅವರು ಇದನ್ನು ಹತ್ತುತ್ತಾರಾ? ಕೆಟ್ಟರೆ ನಡೆದು ಹೋಗುವಷ್ಟು ದೂರದಲ್ಲಿ ರಿಪೇರಿ ಆಗುತ್ತಾ? ದಿನಾ ಹೊರುವ ಭಾರ ಎಷ್ಟು? ವರ್ಷಕ್ಕೆ ಎರಡು ಸಲ ಹೊರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಜರಿಯವನು ಬರುವ ಮೊದಲು ಮೂಲೆಯಲ್ಲಿರುವ ಹೆಣ್ಣುಮಕ್ಕಳ ಸೈಕಲ್ಲನ್ನು ಒಮ್ಮೆ ಹೊರಗೆ ತೆಗೆದು, ಗಾಳಿ ಹೊಡೆದು, ಮನೆಯ ಹಿರಿಯರ ಕೈಗೆ ಕೊಟ್ಟು ನೋಡಿ. ಯಾರೂ ನೋಡದ ಹೊತ್ತಿನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.