ಕೇಳದೆ ಬಂದ ಗೊಬ್ಬರ

ಪಡಸಾಲೆಗೆ ಹಾಸಿದ ಶಹಾಬಾದಿ ಕಲ್ಲಿನ ಮೇಲೆ ಬೇಸಗೆಯ ಮಧ್ಯಾಹ್ನ ಬರಿಮೈಯಲ್ಲಿ ಮಲಗಿದವರಿಗೆ ಅದರ ಊರು ಯಾವುದೆಂದು ವಿಚಾರಿಸುವ ಗೊಡವೆ ಇರುವುದಿಲ್ಲ. ತಂಪಾಗಿದ್ದರೆ ಸಾಕು. ಆದರೆ ಆ ಕಲ್ಲಿಗೂ ಒಂದು ಊರುಂಟು; ಊರಿಗಿಂತ ಮೊದಲು ಅಲ್ಲಿ ಒಂದು ಸಮುದ್ರವೂ ಇತ್ತು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ನೆಲದಡಿಯಲ್ಲಿ ಪದರಪದರವಾಗಿ ಹಾಸಿಕೊಂಡಿರುವ ಈ ಸುಣ್ಣಕಲ್ಲು, ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಹುಟ್ಟದಿದ್ದ ಕಾಲದಲ್ಲಿ ನೀರಿನ ತಳಕ್ಕಿಳಿದು ಗಟ್ಟಿಯಾದದ್ದು. ಸೀಳಿದರೆ ಫರಸಿ, ಸುಟ್ಟರೆ ಸಿಮೆಂಟು.

ಸುಡುವ ಕೆಲಸ ಈಗ ಭರದಿಂದ ನಡೆದಿದೆ. ವಾಡಿಯಲ್ಲಿ 1968ರಲ್ಲಿ ಕಾರ್ಖಾನೆ ನಿಂತಿತು. ಆಮೇಲೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ನೆರೆಯಲ್ಲಿ, ಸೇಡಂ ಪೇಟೆಯ ಮಗ್ಗುಲಲ್ಲಿ, ಚಿತ್ತಾಪುರ ತಾಲ್ಲೂಕಿನಲ್ಲಿ ಒಂದರ ಹಿಂದೊಂದು ಬಂದವು. ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದ ವಾಡಿ–ಸಿಕಂದರಾಬಾದ್ ರೈಲುದಾರಿಯಲ್ಲಿ ಕಿಟಕಿಯ ಪಕ್ಕ ಕುಳಿತರೆ ತೊಗರಿ ಹೊಲಗಳ ಆಚೆ ಚಿಮಣಿಗಳು ಗುಡಿಯ ಗೋಪುರಗಳಂತೆ ತಲೆಯೆತ್ತುತ್ತವೆ.

ಅಂಥ ಒಂದು ಪ್ರಯಾಣದಲ್ಲಿ, ಎದುರಿಗೆ ಕುಳಿತಿದ್ದ ಹಿರಿಯ ರೈತರೊಬ್ಬರನ್ನು ಮಾತಿಗೆಳೆದು, “ಯಜಮಾನರೇ, ಈ ಹೊಗೆಯಿಂದ ಬೆಳೆಗೇನೂ ಆಗುವುದಿಲ್ಲವೆ?” ಎಂದು ಕೇಳಿದೆ.

“ಧೂಳಿನ ಮಾತು ಕೇಳ್ರಿ, ಹೇಳ್ತೀನಿ. ಎಲಿ ಮ್ಯಾಲ ಕುಂದರ್ತದ, ಹೂವಿನ ಮ್ಯಾಲ ಕುಂದರ್ತದ. ಹೊಗಿ ಅಂದ್ರ ಗಾಳ್ಯಾಗ ಹೋತು. ಹೋದದ್ದರ ಲೆಕ್ಕ ಯಾರು ಇಡ್ತಾರ್ರೀ?” ಎಂದರು.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದು ನನಗೆ ಅನ್ನಿಸಿದ್ದು ಅಂದಿನಿಂದಲೇ.

ಸುಣ್ಣಕಲ್ಲು ಗೂಡಿನಲ್ಲಿ ಬೆಂದು ಸಿಮೆಂಟಿನ ಕ್ಲಿಂಕರ್ ಆಗಬೇಕಾದರೆ ಸುಮಾರು 1450 ಡಿಗ್ರಿ ಕಾವು ಬೇಕು. ಆ ಕಾವನ್ನು ಕೊಡುವ ಜ್ವಾಲೆ ಅದಕ್ಕಿಂತಲೂ ಬಿಸಿ, 2000 ಡಿಗ್ರಿಯ ಆಸುಪಾಸಿನದು. ಅಷ್ಟು ಬೆಂಕಿಯಲ್ಲಿ ಬೇಯುವುದು ಕಲ್ಲೊಂದೇ ಅಲ್ಲ, ಗಾಳಿಯೂ ಬೇಯುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಫ್ರಾನ್ಸಿನ ಲಾವಾಸಿಯೇ ಇದಕ್ಕೆ ಜೀವವಿಲ್ಲದ್ದು ಎಂಬ ಅರ್ಥದ ಹೆಸರಿಟ್ಟ. ನಮ್ಮವರು ‘ಸಾರಜನಕ’ ಎಂದರು. ಇಬ್ಬರೂ ಸರಿಯೇ. ಗಾಳಿಯಲ್ಲಿರುವ ತನಕ ಅದು ಎರಡೆರಡು ಪರಮಾಣುಗಳಾಗಿ ಬಿಗಿದಪ್ಪಿಕೊಂಡು ಯಾರ ತಂಟೆಗೂ ಹೋಗದ ಸಾಧು. ಅಪ್ಪುಗೆ ಬಿಡಿಸಿದರೆ ಮಾತ್ರ ಅದು ಪೈರಿಗೆ ಸಾರ. ಗೂಡಿನ ಜ್ವಾಲೆ ಆ ಅಪ್ಪುಗೆಯನ್ನು ಬಿಡಿಸಿ ಆಮ್ಲಜನಕದೊಡನೆ ಗಂಟುಹಾಕುತ್ತದೆ. ಹಾಗೆ ಹುಟ್ಟಿದ ನೈಟ್ರೋಜನ್ ಆಕ್ಸೈಡುಗಳು ಚಿಮಣಿ ಹತ್ತಿ ಹೊರಟು, ದಾರಿಯಲ್ಲಿ ನೈಟ್ರಿಕ್ ಆಮ್ಲವೂ ನೈಟ್ರೇಟೂ ಆಗಿ, ಹತ್ತಾರು, ಒಮ್ಮೊಮ್ಮೆ ನೂರಾರು ಮೈಲಿಗಳಾಚೆ ಮಳೆಯಲ್ಲಿ ಕರಗಿಯೋ ಒಣಪುಡಿಯಾಗಿಯೋ ನೆಲಕ್ಕಿಳಿಯುತ್ತವೆ. ಅರ್ಥಾತ್ ಗೊಬ್ಬರ, ಬೆಳೆಯೆಂದೂ ಕಾಡೆಂದೂ ನೋಡದೆ ಬೀಳುವ ಗೊಬ್ಬರ.

ಇದೇ ಕೆಲಸವನ್ನು ಈ ಸೀಮೆಯ ತೊಗರಿ ಬೆಂಕಿಯಿಲ್ಲದೆ ಮಾಡಿಕೊಂಡು ಬಂದಿದೆ. ತೊಗರಿ ಗಿಡವನ್ನು ಮೆಲ್ಲನೆ ಕಿತ್ತು ಬೇರು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳೊಳಗೆ ವಾಸಿಸುವ ಅಣುಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ; ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಮನುಷ್ಯನಿಗೆ ಈ ವಿದ್ಯೆ ಕೈಗೂಡಿದ್ದು ಜರ್ಮನಿಯ ಹೇಬರ್ 1909ರಲ್ಲಿ ಗಾಳಿಯಿಂದ ಅಮೋನಿಯಾ ಮಾಡಿ ತೋರಿಸಿದ ಮೇಲೆ, ಅದೂ ಭಾರಿ ಒತ್ತಡ, ಭಾರಿ ಕಾವುಗಳ ನಡುವೆ. 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಲಬುರಗಿಯ ತೊಗರಿ ಅದನ್ನು ಕಪ್ಪು ಮಣ್ಣಿನ ಕತ್ತಲೆಯಲ್ಲಿ ಸದ್ದಿಲ್ಲದೆ ಮಾಡುತ್ತದೆ.

ಆದರೆ ಒಂದು ಸ್ವಾರಸ್ಯವುಂಟು. ಮಣ್ಣಿನಲ್ಲಿ ನೈಟ್ರೇಟು ಹೆಚ್ಚಾದರೆ ಈ ಗಂಟುಗಳು ಕೆಲಸ ತಗ್ಗಿಸುತ್ತವೆ. ಪುಕ್ಕಟೆ ಸಿಕ್ಕುವುದಕ್ಕೆ ಗಿಡವಾದರೂ ಏಕೆ ಸಕ್ಕರೆ ತೆತ್ತೀತು? ಹೊಲದಲ್ಲಿ ಇದರಿಂದ ದೊಡ್ಡ ಅನಾಹುತವಿಲ್ಲ; ಕಳೆ ಕೀಳಲು ಕೈಗಳಿವೆ. ಗೋಮಾಳದಲ್ಲೂ ಕಾಡಿನಲ್ಲೂ ಕಥೆ ಬೇರೆ. ಅಲ್ಲಿ ಬಡ ನೆಲದಲ್ಲಿ ಬಾಳಲು ಕಲಿತ ಸಣ್ಣ ಪುಟ್ಟ ಗಿಡಗಳೇ ಹೆಚ್ಚು. ನೆಲ ದಿಢೀರನೆ ಶ್ರೀಮಂತವಾದರೆ, ತಿಪ್ಪೆಯ ಪಕ್ಕದ ಉಮ್ಮತ್ತಿಯಂತೆ ಉಂಡಷ್ಟೂ ಸೊಕ್ಕುವ ಜಾತಿಗಳು ಎದ್ದು ನಿಂತು ಉಳಿದವಕ್ಕೆ ಬಿಸಿಲೇ ಸಿಗದಂತೆ ಮಾಡುತ್ತವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ಇಂದಿನವರೆಗೂ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗ ಇದಕ್ಕೆ ಸಾಕ್ಷಿ. ಗೊಬ್ಬರ ಹಾಕದ ತುಂಡುಗಳಲ್ಲಿ ಸುಮಾರು 40 ಜಾತಿಯ ಸಸ್ಯಗಳು. ಅಮೋನಿಯಂ ಲವಣವನ್ನು ಧಾರಾಳವಾಗಿ ಸುರಿದು ಹುಳಿಯಾದ ಕೆಲವು ತುಂಡುಗಳಲ್ಲಿ ಎರಡೋ ಮೂರೋ. ಹುಲ್ಲು ಹುಲುಸಾಗಿದೆ, ನಿಜ. ಹುಲುಸಾದದ್ದೆಲ್ಲ ಆರೋಗ್ಯವೆಂದು ನಂಬುವ ನಮ್ಮ ಅಜ್ಜಿಯರು ಅದನ್ನು ಕಂಡಿದ್ದರೆ ದೃಷ್ಟಿ ತೆಗೆಯುತ್ತಿದ್ದರು.

ಇನ್ನು ಕಲ್ಲುಹೂವು. ಮಸಾಲೆ ಡಬ್ಬಿಯಲ್ಲಿ ಕರಿಬೂದಿ ಬಣ್ಣದ ಒಣ ಚಕ್ಕೆಯಂತೆ ಕೂತಿರುವ, ಉತ್ತರದ ಕಡೆ ದಗಡಫೂಲ ಎನ್ನುವ ವಸ್ತು. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ. ಇದರ ಜಾತಿಯವಕ್ಕೆ ಬೇರಿಲ್ಲ. ಮರದ ತೊಗಟೆಗೋ ಬಂಡೆಗೋ ಅಂಟಿಕೊಂಡು ಬೇಕಾದ್ದನ್ನೆಲ್ಲ ಗಾಳಿಯಿಂದಲೇ ಹೀರಬೇಕು. ಗಾಳಿ ಕೆಟ್ಟರೆ ಮೊದಲು ಸಾಯುವುದೂ ಇವೇ. ಪ್ಯಾರಿಸ್ಸಿನ ಒಂದು ಉದ್ಯಾನದ ಮರಗಳಿಂದ ಇವು ಮಾಯವಾಗುತ್ತಿರುವುದನ್ನು ಕಂಡು ನೈಲಾಂಡರ್ ಎಂಬ ವಿದ್ವಾಂಸ ಇವನ್ನು ಗಾಳಿಯ ಅಳತೆಗೋಲೆಂದು ಹೇಳಿದ್ದು 1866ರಲ್ಲಿ. ಸಾರಜನಕ ಹೆಚ್ಚಿದ ಕಡೆ ಸೂಕ್ಷ್ಮ ಜಾತಿಗಳು ಅಳಿದು, ಅದನ್ನೇ ಬಯಸುವ ಹಳದಿ ಬಣ್ಣದ ಕೆಲವು ಜಾತಿಗಳು ಹರಡುತ್ತವೆ.

ಸೇಡಂ ಸೀಮೆಗೆ ಇದು ಹೇಗೆ ಅನ್ವಯಿಸುತ್ತದೆ? ಇಲ್ಲಿನ ನೆಲ ಸುಣ್ಣದ ನೆಲ, ಹಾರುವ ಧೂಳೂ ಸುಣ್ಣದ ಧೂಳು. ಆದ್ದರಿಂದ ಆಮ್ಲದ ಮಳೆಯ ಹುಳಿ ಇಲ್ಲಿ ಬಹುಮಟ್ಟಿಗೆ ಸುಣ್ಣಕ್ಕೆ ಸಿಕ್ಕಿ ಸಪ್ಪೆಯಾಗುತ್ತದೆ. ಇದನ್ನೇ ಹಿಡಿದು, ನಮಗೇನೂ ಭಯವಿಲ್ಲವೆಂದು ವಾದಿಸುವವರನ್ನು ಕೇಳಿದ್ದೇನೆ. ವಾದ ಅರ್ಧ ನಿಜ. ಸುಣ್ಣ ಹುಳಿಯನ್ನು ತಿನ್ನುತ್ತದೆ, ಗೊಬ್ಬರವನ್ನು ತಿನ್ನುವುದಿಲ್ಲ. ನೈಟ್ರೇಟು ಸುಣ್ಣದ ಜೊತೆಗೂ ಬೇರಿಗೆ ಗೊಬ್ಬರವೇ. ಸಾಲದ್ದಕ್ಕೆ, ಇದೇ ಆಕ್ಸೈಡುಗಳು ಬಿಸಿಲಿನಲ್ಲಿ ಓಜೋನ್ ಹುಟ್ಟಿಸುತ್ತವೆ. ಅದು ಎಲೆಯ ರಂಧ್ರಗಳಲ್ಲಿ ನುಸುಳಿ ಒಳಗನ್ನು ಸುಡುತ್ತದೆ. ಬಿಸಿಲಿಗಂತೂ ಇಲ್ಲಿ ಕೊರತೆಯಿಲ್ಲ.

ನಕ್ಷೆಯನ್ನು ಮೇಜಿನ ಮೇಲೆ ಹರಡಿ ನೋಡಿ. ವಾಡಿ ನೈಋತ್ಯಕ್ಕೆ, ಚಿಂಚೋಳಿ ಈಶಾನ್ಯಕ್ಕೆ, ನಡುವೆ ಚಿತ್ತಾಪುರ, ಮಳಖೇಡ, ಸೇಡಂ. ಮುಂಗಾರಿನ ಗಾಳಿ ಬೀಸುವುದೂ ನೈಋತ್ಯದಿಂದಲೇ. ಆ ದಾರಿಯ ತುದಿಯಲ್ಲಿ, ಚಂದ್ರಂಪಳ್ಳಿ ಜಲಾಶಯದ ಸುತ್ತ, 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಸುಮಾರು 135 ಚದರ ಕಿಲೋಮೀಟರ್ ಕಾಡಿದೆ. ಇಷ್ಟು ಒಣ ಸೀಮೆಯಲ್ಲಿ ಇಂಥ ಕಾಡು ಉಳಿದದ್ದೇ ಒಂದು ಪುಣ್ಯ. ಶ್ರೀಗಂಧವೂ ರಕ್ತಚಂದನವೂ ಇರುವ ಆ ಕಾಡಿಗೆ ಕೊಡಲಿಯಿಂದ ಕಾವಲುಂಟು, ಗಾಳಿಗೆ ಬೇಲಿಯಿಲ್ಲ.

ಚಿಮಣಿಯೊಂದನ್ನೇ ಬೈದು ಮುಗಿಸುವುದು ಅನ್ಯಾಯವಾದೀತು. ಸಿಮೆಂಟು ಹೊತ್ತು ಓಡುವ ಲಾರಿಗಳ ಡೀಸೆಲ್ ಹೊಗೆಯಲ್ಲಿ ಇದೇ ಸರಕಿದೆ. ಸುಣ್ಣ ಬೆರೆತ ಕಪ್ಪು ಮಣ್ಣಿನ ಮೇಲೆ ಎರಚಿದ ಯೂರಿಯಾ, ಮುಚ್ಚದೆ ಬಿಟ್ಟರೆ, ಅಮೋನಿಯಾ ಆಗಿ ಹಾರಿಹೋಗುತ್ತದೆ. ರೈತ ಕಾಸು ಕೊಟ್ಟು ತಂದ ಗೊಬ್ಬರ ನೆರೆಯ ಕಾಡಿಗೆ ಬೀಳುತ್ತದೆ. ಆ ಸಿಮೆಂಟಿನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿರುವ ನಾನೂ ಓದುತ್ತಿರುವ ತಾವೂ ಪಾಲುದಾರರೇ.

ದಾರಿಗಳಿಲ್ಲವೆಂದಲ್ಲ. ಕೇಂದ್ರ ಪರಿಸರ ಸಚಿವಾಲಯ 2014ರಲ್ಲಿ ಸಿಮೆಂಟು ಗೂಡುಗಳ ಈ ಹೊಗೆಗೂ ಮಿತಿ ಹಾಕಿತು. ಜ್ವಾಲೆಯನ್ನು ಹದ ಮಾಡಬಹುದು. ಹೊಗೆಗೆ ಅಮೋನಿಯಾ ಚಿಮುಕಿಸಿ ಆಕ್ಸೈಡನ್ನು ಮತ್ತೆ ಸಾಧು ಸಾರಜನಕವಾಗಿಸಬಹುದು, ಅಳತೆ ತಪ್ಪಿದರೆ ಮಿಕ್ಕ ಅಮೋನಿಯಾವೇ ಹೊರಬೀಳುವ ವಿನೋದವನ್ನು ಬಿಟ್ಟರೆ. ನೆದರ್‌ಲೆಂಡ್ಸ್‌ನಲ್ಲಿ 2019ರಲ್ಲಿ ನ್ಯಾಯಾಲಯ ಈ ಕಾರಣಕ್ಕಾಗಿಯೇ ಸಾವಿರಾರು ಕಾಮಗಾರಿಗಳಿಗೆ ತಡೆಯೊಡ್ಡಿದಾಗ, ರೈತರು ಟ್ರ್ಯಾಕ್ಟರುಗಳನ್ನು ರಸ್ತೆಗಿಳಿಸಿದರು. ಅಷ್ಟು ದೂರ ಹೋಗುವ ಮೊದಲೇ ಲೆಕ್ಕ ಹಿಡಿಯುವುದು ಅಗ್ಗ. ಯೂರೋಪಿನಲ್ಲಿ ಹೊಗೆ ಇಳಿದ ಮೇಲೆ ರಾಥಮ್‌ಸ್ಟೆಡ್ಡಿನ ಹುಲ್ಲುಗಾವಲಿಗೆ ಬೇಳೆಜಾತಿಯ ಗಿಡಗಳು ಮರಳಿ ಬರತೊಡಗಿದುದನ್ನು ಅಲ್ಲಿಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು.

ಲೆಕ್ಕಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ 2009ರಿಂದ ಶಾಲೆಯ ಮಕ್ಕಳೂ ಸೇರಿ ಮರಗಳ ಮೇಲಿನ ಕಲ್ಲುಹೂವಿನ ಜಾತಿಗಳನ್ನು ಎಣಿಸಿ ಊರೂರಿನ ಗಾಳಿಯನ್ನು ಅಳೆದರು. ವಾಡಿಯ ಒಂದು ಶಾಲೆ, ಸೇಡಂನ ಒಂದು ಶಾಲೆ, ಚಿಂಚೋಳಿಯ ಒಂದು ಶಾಲೆ. ಒಂದೊಂದು ಬೇವಿನ ಮರ, ಒಂದೊಂದು ಭೂತಗನ್ನಡಿ, ಎರಡು ರೂಲು ಹಾಕಿದ ಒಂದೊಂದು ನೋಟುಬುಕ್ಕು. ಮಳೆಗಾಲ ಮುಗಿದ ಮೇಲೆ, ತೊಗರಿ ಹೂ ಬಿಡುವ ಹೊತ್ತಿಗೆ ಶುರು ಮಾಡಬಹುದು.